ಸೂರ್ಯನಿಗೆ ಹಿಡಿದ ಕನ್ನಡಿ

ಸಕಲ ಗಡ್ಡಧಾರಿಗಳ ಅವಗಾಹನೆಗೆ: ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಇಂದಿನಿಂದ ಕನ್ನಡಿ ಇರುವುದಿಲ್ಲ. ತಮ್ಮ ಮುಖ ಏನಾಯಿತೆಂದು ತಿಳಿಯಬಯಸುವವರು ಪಕ್ಕದ ಕುರ್ಚಿಯವರನ್ನು ವಿಚಾರಿಸತಕ್ಕದ್ದು.

ಕನ್ನಡಿಗಳೆಲ್ಲ ಪಕ್ಕದ ಹಿಟ್ಟಿನ ಗಿರಣಿಯ ತಾರಸಿ ಏರಿದ್ದವು. ಗಿರಣಿ ಕ್ಷೌರಿಕನ ಅಕ್ಕನದು. ಅಲ್ಲಿನ ಸೋಲಾರ್ ಫಲಕಗಳು ಮಧ್ಯಾಹ್ನದವರೆಗೆ ದುಡಿದು, ಆಮೇಲೆ ಊಟವಾದ ಅಳಿಯನಂತೆ ತೂಕಡಿಸುತ್ತಿದ್ದವು. ಬೇಕರಿ ಯಜಮಾನರದು ಒಂದೇ ಷರತ್ತು: ಗಿರಣಿ ಸಂಜೆವರೆಗೂ ಬರೀ ಬಿಸಿಲಲ್ಲೇ ಓಡಿದರೆ ಅವರ ಗೋಧಿಯೆಲ್ಲ ಅಕ್ಕನಿಗೆ. ಇಲ್ಲವಾದರೆ ಅಕ್ಕನದು ಅರ್ಧ ದಿನದ ಗಿರಣಿ, ಅರ್ಧ ಹೊಟ್ಟೆಯ ಬಾಳು.

ಮೊದಲು ಕ್ಷೌರಿಕ ತಮ್ಮನೇ ತಾರಸಿ ಹತ್ತಿ ನೋಡಿದ.

"ಅಕ್ಕಾ, ಟ್ಯಾಂಕಿನ ನೆರಳು ಒಂದು ಫಲಕದ ಮೇಲೆ ಬಿದ್ದಿದೆ. ಅದೊಂದು ಮುನಿಸ್ಕೊಂಡ್ರೆ ಇಡೀ ಸಾಲೇ ಕೆಲಸ ಬಿಡುತ್ತೆ."

"ಹಾಗಾದ್ರೆ ನಮ್ಮ ಮನೆತನದ್ದೇ ಬಿಡು."

ಟ್ಯಾಂಕು ಜಾಗ ಬದಲಿಸಿತು. ಗಿರಣಿಯ ಹಿಟ್ಟಿನ ದೂಳು ಫಲಕಗಳಿಗೆ ನರೆಗಡ್ಡದಂತೆ ಮೆತ್ತಿತ್ತು. ತಮ್ಮ ತನ್ನ ಕ್ಷೌರದ ಬ್ರಷ್ಷಿನಿಂದ ನೊರೆ ಹಚ್ಚಿ ನುಣ್ಣಗೆ ಒರೆಸಿದ. ಆದರೂ ಇಳಿಹೊತ್ತಿಗೆ ಮೋಟಾರು ಏದುಸಿರು ಬಿಟ್ಟಿತು. ಆಗ ಇಳಿಬಿಸಿಲನ್ನು ಹಿಡಿದು ಫಲಕಗಳ ಮೇಲೆ ಎಸೆಯಲು ಕನ್ನಡಿಗಳು ಬಂದವು.

"ಕನ್ನಡಿ ಇಲ್ದೆ ಹೇಗಪ್ಪಾ?" ಎಂದ ಗಿರಾಕಿ.

"ಅಂಗೈ ಹುಣ್ಣಿಗೇ ಕನ್ನಡಿ ಬೇಡ, ನಿಮ್ಮ ಗಡ್ಡಕ್ಕೆ ಬೇಕಾ? ತಲೆ ಬಗ್ಗಿಸಿ."

ಪರೀಕ್ಷೆಯ ದಿನ ಯಜಮಾನರು ಸ್ಟೂಲು ಹಾಕಿಕೊಂಡು ಗಿರಣಿಯಲ್ಲೇ ಕೂತರು. ಮಧ್ಯಾಹ್ನ ದಾಟಿತು, ಕಲ್ಲು ತಿರುಗಿತು. ನೆರಳು ಉದ್ದವಾಯಿತು, ಕಲ್ಲು ತಿರುಗಿತು. ಕೆಲಸ ಮುಗಿಸಿ ಬಂದವರು ಬಾಗಿಲಲ್ಲಿ ಗುಂಪುಗೂಡಿದರು. ಒಬ್ಬರು ಅರ್ಧ ಗಡ್ಡದಲ್ಲೇ ಎದ್ದುಬಂದಿದ್ದರು. ಕೊನೆಯ ಗೋಧಿಕಾಳು ಹಿಟ್ಟಾದಾಗ ಬೀದಿಯೇ ಚಪ್ಪಾಳೆ ಹೊಡೆಯಿತು. ಅಕ್ಕ ಒಂದು ಹಿಡಿ ಹಿಟ್ಟನ್ನು ತಮ್ಮನ ತಲೆಗೆ ಸುರಿದಳು.

"ಭೇಷ್! ನಿಮ್ಮ ತಾರಸಿ ನೋಡ್ಲೇಬೇಕು," ಎಂದು ಯಜಮಾನರು ಮೆಟ್ಟಿಲೇರಿದರು. ಇಳಿದು ಬಂದಾಗ ಮುಖ ಹುಳಿಬಂದ ಹಿಟ್ಟಿನಂತಿತ್ತು. ಜೇಬಿನಿಂದ ಬ್ರೆಡ್ಡಿನ ಹೊಸ ಕವರು ತೆಗೆದರು: 'ನೇರ ಬಿಸಿಲಿನಿಂದಷ್ಟೇ ಬೀಸಿದ ಹಿಟ್ಟು.'

"ಇದು ನೇರ ಅಲ್ಲಮ್ಮಾ. ಕನ್ನಡಿಗೆ ಬಡಿದು ಬಂದದ್ದು. ಕೋಣೆ ತುಂಬ ಕವರು ಅಚ್ಚಾಗಿ ಕೂತಿದೆ. ಸುಳ್ಳು ಮಾರಕ್ಕಾಗಲ್ಲ."

"ಬೆಳದಿಂಗಳೂ ಹಾಗೇ ಅಲ್ವಾ? ಸೂರ್ಯನ ಬೆಳಕೇ ಚಂದ್ರನಿಗೆ ಬಡಿದು ಬರೋದು. ಬೆಳದಿಂಗಳ ಬ್ರೆಡ್ ಅಂತ ಅಚ್ಚು ಹಾಕಿಸಿ!" ಎಂದಳು ಅಕ್ಕ.

ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ಕವರು ಮಾತ್ರ ನಗಲಿಲ್ಲ. ಗೋಧಿ ಗಾಡಿ ಬೇರೆ ಗಿರಣಿಯತ್ತ ತಿರುಗಿತು.

ತಮ್ಮನ ಮುಖ ಸಣ್ಣದಾಯಿತು; ಕನ್ನಡಿ ಇಳಿಸಲು ಹೊರಟ. ಅಷ್ಟರಲ್ಲಿ ಗುಂಪಿನಿಂದ ಒಬ್ಬಾಕೆ ಕೇಳಿದಳು: "ಅಕ್ಕಾ, ಇನ್ಮೇಲೆ ದಿನಾ ಸಂಜೆ ಗಿರಣಿ ಇರುತ್ತಾ? ನಾವು ಕೆಲಸದಿಂದ ಬರೋ ಹೊತ್ತಿಗೆ ಯಾವಾಗಲೂ ಬಾಗಿಲು ಹಾಕಿರ್ತಿತ್ತು."

ಅಕ್ಕ ತಮ್ಮನ ಕಾಲರು ಹಿಡಿದು ನಿಲ್ಲಿಸಿದಳು.

"ಇರುತ್ತೆ! ಎಲ್ಲರೂ ಸಾಲಾಗಿ ಬನ್ನಿ. ಇಲ್ಲಿ ಕವರ್ ಗಿವರ್ ಏನಿಲ್ಲ, ಡಬ್ಬ ತಂದ್ರೆ ಸಾಕು."