ಎಣ್ಣೆ ಎರೆಸಿಕೊಂಡ ಕೈವಾರ

ನಾನೊಂದು ಕೈವಾರ. ಪುಟ್ಟ ಪೆಟ್ಟಿಗೆಯೊಳಗಿನ ತಗಡಿನ ಕೂಸಲ್ಲ. ಕರಿಹಲಗೆಯ ಮೇಲೆ ವೃತ್ತ ಬರೆಯುವ, ಮೊಳದುದ್ದದ ಸಾಗವಾನಿ ಕೈವಾರ. ಮೌನೇಶ ಬಡಿಗೇರನ ಉಳಿಯಿಂದ ಜನ್ಮ ತಳೆದೆ. ಯಜ್ಞವೇದಿಯನ್ನು ಅಳೆದ ಗೂಟವೂ ಹಗ್ಗವೂ ನನ್ನ ಪೂರ್ವಜರೆಂಬ ಕುಲಾಭಿಮಾನ ನನಗೆ ಹುಟ್ಟಿನಿಂದಲೇ ಇತ್ತು. ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವ ಗಲಗಲಿ ಗುರುಗಳ ಕೈ ಸೇರಿದ ಮೇಲೆ ಅದು ಇಮ್ಮಡಿಸಿತು. ರೇಖಾಗಣಿತದ ಸತ್ಯವೆಲ್ಲ ನನ್ನೆರಡು ಕಾಲುಗಳ ಮೇಲೆಯೇ ನಿಂತಿದೆಯೆಂದು ಭಾವಿಸಿದ್ದೆ.

ವಿದ್ಯಾರ್ಥಿಗಳಿಗೋ ನನ್ನನ್ನು ಕಂಡರೆ ಯಮದಂಡವನ್ನು ಕಂಡಂತೆ. ಅವರಲ್ಲಿ ನೀಲಾಂಬಿಕೆಯ ಭಯ ಎಲ್ಲರಿಗಿಂತ ಮಿಗಿಲು. ಹಲಗೆಯೆದುರು ಪ್ರಮೇಯ ಸಾಧಿಸುವ ಪರೀಕ್ಷೆಯಲ್ಲಿ ಒಮ್ಮೆ ಹೆದರಿಯೇ ನಪಾಸಾಗಿದ್ದಳು. ಈ ಸಲವೂ ತಪ್ಪಿದರೆ ಗಣಿತವನ್ನೇ ಬಿಡುವೆನೆಂದು ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ನೀಲಾಂಬಿಕೆ ನನಗೆ ಕುಂಕುಮವಿಟ್ಟಳು, ಸೇವಂತಿಗೆ ಮುಡಿಸಿದಳು. ಅಷ್ಟಕ್ಕೇ ಭಕ್ತಿ ಸಾಲದೆನಿಸಿ, ನನ್ನ ಕಾಲುಗಳು ಕೂಡುವ ತಿರುಪಿಗೆ ಬಟ್ಟಲು ತುಂಬ ಕೊಬ್ಬರಿ ಎಣ್ಣೆ ಎರೆದಳು.

“ನನ್ನಪ್ಪಾ, ನೀನ ಕಾಪಾಡಬೇಕು!”

ಅಭಿಷೇಕವನ್ನು ಬೇಡವೆನ್ನಲು ನಾನಾರು?

ಪರೀಕ್ಷೆಯಂದು ಅರ್ಧವೃತ್ತದೊಳಗಿನ ಕೋನ ಲಂಬಕೋನವೆಂದು ಸಾಧಿಸಬೇಕಿತ್ತು. ಅವಳು ನನ್ನನ್ನು ತಿರುಗಿಸಿದಳು. ಎಣ್ಣೆ ಕುಡಿದ ತಿರುಪು ಸಡಿಲಿ ನನ್ನ ಕಾಲು ಜಾರಿತು, ವೃತ್ತ ಬದನೆಕಾಯಿಯಾಯಿತು. ಮತ್ತೆ ಬರೆದಳು, ಇನ್ನೊಂದು ಬದನೆಕಾಯಿ. ಅದರೊಳಗೇ ತ್ರಿಭುಜ ಎಳೆದಳು. ಸಹಪಾಠಿ ಪರಪ್ಪ ಕೋನಮಾಪಕ ಹಿಡಿದು ಹಲಗೆಗೆ ಹಾರಿದ.

“ಸರ್, ತೊಂಬತ್ತೇಳು ಡಿಗ್ರಿ ಬಂತ್ರೀ! ಪ್ರಮೇಯನ ಸುಳ್ಳಾತು!”

ತರಗತಿ ಗೊಳ್ಳೆಂದಿತು. ನಾಚಿಕೆಯಿಂದ ನಾನು ಒಲೆಯ ಸೌದೆಯಾದರೂ ಸಾಕೆನಿಸಿತು.

“ಏನವ್ವಾ, ಯಾವುದು ಖರೇ? ಅವನ ಅಳತೀಯೋ, ನಿನ್ನ ಮಾತೋ?” ಎಂದರು ಗುರುಗಳು.

ನೀಲಾಂಬಿಕೆಯ ಕೈ ಚೀಲದತ್ತ ಹೋಯಿತು. ಅರ್ಜಿಯನ್ನು ಹೊರತೆಗೆದೂ ಬಿಟ್ಟಳು. ಪರಪ್ಪ ಮತ್ತೆ ಕಿಸಕ್ಕೆಂದ. ಆಗ ಅವಳಿಗೆ ಎಲ್ಲಿಂದ ಸಿಟ್ಟು ಬಂತೋ!

“ಹಲ್ಲು ಕಿಸೀಬ್ಯಾಡಲೇ ಪರಪ್ಪ! ಚಿತ್ರ ಹೆಂಗರ ಇರಲಿ. ಕೇಂದ್ರದಿಂದ ತ್ರಿಭುಜದ ಮೂರೂ ಬಿಂದುವಿಗೆ ದೂರ ಒಂದ ಅಂತ ಹಿಡದೀನಿ. ಅಂದಮ್ಯಾಲೆ ಕೇಂದ್ರದಿಂದ ಮ್ಯಾಲಿನ ಬಿಂದುವಿಗೆ ಗೆರಿ ಎಳದರ ಸಮದ್ವಿಬಾಹು ತ್ರಿಭುಜ ಎರಡಾದ್ವು. ಪಾದಕೋನ ಸಮ ಆದ್ವು. ನಾಕೂ ಕೂಡಿಸು, ನೂರಾ ಎಂಬತ್ತು. ನಮ್ಮ ಕೋನ ಅದರಾಗ ಅರ್ಧ, ಎಷ್ಟಲೇ?”

“ತೊಂಬತ್ತು...” ಎಂದ ಪರಪ್ಪ, ಕೋನಮಾಪಕವನ್ನು ಬೆನ್ನ ಹಿಂದೆ ಅಡಗಿಸುತ್ತ.

“ಚಿತ್ರಕ್ಕ ಸೊನ್ನಿ,” ಎಂದರು ಗುರುಗಳು. “ಸಾಧನೆಗೆ ಪೂರ್ತಿ.”

ಎಣ್ಣೆಯಾಗಿದ್ದ ಕೈಗಳನ್ನು ಅವಳು ಆ ಅರ್ಜಿಯಿಂದಲೇ ಒರೆಸಿಕೊಂಡಳು. ಸತ್ಯವು ನನ್ನ ಕಾಲುಗಳನ್ನು ನೆಚ್ಚಿ ನಿಂತಿರಲಿಲ್ಲವೆಂಬುದು ಅಂದು ನನಗೂ ತಿಳಿಯಿತು.

ಈಗ ನಾನು ಕಪಾಟಿನ ನೆತ್ತಿಯ ಮೇಲೆ ಧೂಳಿನಲ್ಲಿ ವಾನಪ್ರಸ್ಥನಾಗಿದ್ದೇನೆ. ಕೆಳಗೆ ಪರದೆಯ ಮೇಲೆ ಯಂತ್ರವೊಂದು ಕೂದಲೆಳೆಯ ದೋಷವೂ ಇಲ್ಲದ ವೃತ್ತಗಳನ್ನು ಬರೆಯುತ್ತದೆ. ಮಕ್ಕಳು ಅದರೆದುರೂ ಬೆವರುತ್ತಾರೆ. ಪಾಪ, ಅಷ್ಟು ಚೆಲುವಾದ ಚಿತ್ರವನ್ನು ನಂಬದಿರುವ ಧೈರ್ಯ ಯಾರಿಗೆ ತಾನೆ ಬಂದೀತು!