ಹನ್ನೊಂದು ಮನೆಯ ಥಂಡಾ

“ಯಾರ್ ಇಟ್ಟಾರಪ್ಪಾ ನನ್ನ ಕಾಲಿಗಿ ಬೆಂಕಿ?”

ಬೆಳಗಾಗೆದ್ದು ವೈಜನಾಥಪ್ಪ ಕೇಳಿದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಬಲಗಾಲಿನ ಹೆಬ್ಬೆರಳು ಕೆಂಪಾಗಿ ಬಾತಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು.

ವೈಜನಾಥಪ್ಪ ನಿಲಂಗಾದ ಕಾಳಿನ ವ್ಯಾಪಾರಿ. ಎಂಟೇ ದಿನಕ್ಕೆ ಮಗಳು ಸ್ನೇಹಲಳ ಲಗ್ನ. ಮದುಮಕ್ಕಳು ಕಾಲಿಗೆ ಬಿದ್ದಾಗ ಆಶೀರ್ವಾದದ ಬದಲು ಚೀರಿಕೊಂಡರೆ ಹೇಗೆ?

“ತೊಗರಿ ಬ್ಯಾಳಿ ತಿಂದು ವಾಯು ಆಗ್ಯಾದ. ಇವತ್ತಿಂದ ಬ್ಯಾಳಿ ಬಂದ್!” ಎಂದರು ಹೆಂಡತಿ ಮಾಣಿಕಬಾಯಿ.

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಸುವರ್ಣಾ ಬಂದು ನೋಡಿದಳು. “ಕಾಕಾ, ಇದು ಗೌಟ್ ಇದ್ದಂಗ ಕಾಣ್ತದ. ರಕ್ತದಾಗ ಯೂರಿಕ್ ಆಸಿಡ್ ಹೆಚ್ಚಾಗಿ, ಸೂಜಿಯಂಥಾ ಹರಳಾಗಿ ಕೀಲಿನಾಗ ಕೂಡ್ತದ.”

“ಅದು ಮಾಂಸ ತಿನ್ನೋರಿಗಿ, ಕುಡಿಯೋರಿಗಿ ಬರೂದು. ನಮ್ಮ ಮನ್ಯಾಗ ತತ್ತಿ ಸೈತ ಬಂದಿಲ್ಲ!” ಎಂದರು ವೈಜನಾಥಪ್ಪ.

“ನಿನ್ನೆ ಔರಾದದಾಗ ಲಗ್ನಪತ್ರಿಕಾ ಹಂಚಿದ್ರಲ್ಲ, ಎಷ್ಟ್ ಮನಿ?”

“ಹನ್ನೊಂದು.”

“ಎಲ್ಲಾ ಕಡಿ ಬಾಟ್ಲಿ ಥಂಡಾ ಕೊಟ್ರಾ?”

“ಕೊಡದ ಬಿಡ್ತಾರೇನ್? ಪತ್ರಿಕಾ ಕೊಟ್ಟ ಮನ್ಯಾಗ ಒಲ್ಲೆ ಅನಬಾರದು.”

“ಮತ್ತ ನೀರ್?”

“ಹೊಟ್ಟ್ಯಾಗ ಜಾಗಾ ಎಲ್ಲಿತ್ತು?”

ಮಾಣಿಕಬಾಯಿ ಸೆರಗು ಬಾಯಿಗಿಟ್ಟು ನಕ್ಕರು. “ಹನ್ನೊಂದು ಬಾಟ್ಲಿ ಇಳಸಿ ಬಂದು, ನಾ ಕುಡಿಯಲ್ಲ ಅಂತಾರ!”

“ಸಕ್ಕರಿ ಥಂಡಾನೂ ಯೂರಿಕ್ ಆಸಿಡ್ ಏರಸ್ತದ, ಕಾಕು. ಬ್ಯಾಳಿದೇನ್ ತಪ್ಪಿಲ್ಲ, ಅದನ್ನ ಬಿಡಬ್ಯಾಡ್ರಿ. ಕಾಕಾ, ದವಾಖಾನಿಗಿ ನಡೀರಿ.”

ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಗೌಟ್ ಎಂದೇ ಹೇಳಿದರು. ಬಾವು ಇಳಿಯಲು ಔಷಧ ಕೊಟ್ಟರು. ಐದನೆಯ ದಿನ ಬೆರಳು ಚಪ್ಪಲಿಯೊಳಗೆ ಹೋಯಿತು.

“ಹೋಯ್ತು ರೋಗ! ಇನ್ಯಾಕ ದವಾಖಾನಿ?”

“ನೋವು ಹೋಗ್ಯಾದ, ಹರಳು ಹೋಗಿಲ್ಲ ಕಾಕಾ. ಲಗ್ನ ಆದ ಮ್ಯಾಲ ಡಾಕ್ಟರ್ ಮತ್ತ ಕರದಾರ. ದಿನಾ ಒಂದು ಗುಳಿಗಿ ಬೇಕಾಗಬಹುದು.”

ಲಗ್ನದ ದಿನ ಮದುಮಕ್ಕಳು ಬಾಗಿದಾಗ ವೈಜನಾಥಪ್ಪ ಕಣ್ಣು ಮುಚ್ಚಿ “ಶಿವಾ” ಎಂದರು. ಎರಡು ಹಣೆಗಳು ಪಾದ ಮುಟ್ಟಿದವು. ಚೀರುವ ಪ್ರಸಂಗ ಬರಲಿಲ್ಲ.

ಓದುವ ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಮನೆಯಲ್ಲೂ ಯಾರದಾದರೂ ಕೀಲು ಒಮ್ಮೆಲೇ ಬಾತು ಕೆಂಪಾದರೆ ವೈದ್ಯರಿಗೆ ತೋರಿಸಿ. ಜೊತೆಗೆ ಜ್ವರವಿದ್ದರೆ ಅದೇ ದಿನ ಹೋಗಿ. ನೋವು ನಿಂತಿತೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಸಿಹಿ ಥಂಡಾ ಬೇಡವೆನ್ನಿ. ಹೇಳಿದಷ್ಟು ಸುಲಭವಲ್ಲ, ಬಲ್ಲೆವು. ಆ ಲಗ್ನದ ದಿನವೇ ಬೀಗರಾದ ರೇವಣಪ್ಪನವರು ಥಂಡಾದ ದೊಡ್ಡ ಗ್ಲಾಸು ಹಿಡಿದು ವೈಜನಾಥಪ್ಪನ ಎದುರು ನಿಂತರು.

“ಬೀಗರ, ನನ್ನ ಕೈಲಿಂದ ಇದೊಂದು ತಗೋರಿ. ಇಲ್ಲಾಂದ್ರ ನಾ ಊಟಕ್ಕ ಕೂಡಲ್ಲ.”

ವೈಜನಾಥಪ್ಪ ಒಮ್ಮೆ ಬೀಗರ ಮುಖ ನೋಡಿದರು, ಒಮ್ಮೆ ತಮ್ಮ ಹೆಬ್ಬೆರಳು ನೋಡಿದರು.

“ಒಲ್ಲೆರೀ.”