ಬೆನ್ನು ತಿರುಗಿಸಿ ಕೂತವಳು

ಏಳನೆಯದಿಲ್ಲ, ಎಣಿಸುವ ಬೆರಳು ಆರಕ್ಕೇ ನಿಂತು ಪೆಟ್ಟಿಗೆಯ ಮೂಲೆಯ ಒಣಹುಲ್ಲಿನಲ್ಲಿ ತಡಕಾಡುತ್ತದೆ, ಇಲ್ಲವೆಂದು ಗೊತ್ತಿದ್ದೂ ತಡಕಾಡುತ್ತದೆ, ನಿನ್ನೆ ಮಧ್ಯಾಹ್ನ ಅವಳೇ ಕೈಯಾರೆ ಕರವಸ್ತ್ರದಲ್ಲಿ ಸುತ್ತಿ ಹೂಕುಂಡದ ಮಣ್ಣಿನಡಿ ಇಟ್ಟದ್ದು, ಆದರೆ ಬೆರಳಿಗೆ ಅದನ್ನೆಲ್ಲ ಯಾರು ಹೇಳಬೇಕು — ಆರೂ ಬೆಚ್ಚಗಿವೆ, ಆರರ ಹೊಟ್ಟೆಯೂ ತುಂಬಿದೆ, ತೆಳು ಚರ್ಮದ ಒಳಗೆ ಹಾಲು ಬೆಳ್ಳಗೆ ಕಾಣುತ್ತಿದೆ, ಐದು ದಿನದ ಮೊಲದ ಮರಿಗಳು, ಕಣ್ಣು ಬಿಟ್ಟಿಲ್ಲ, ಮೈಮೇಲೆ ಈಗಷ್ಟೇ ಕೂದಲು ಮೂಡುತ್ತಿದೆ, ಇವನ್ನು ನೋಡಿಯೂ ತಾಯಿ ಕೈಬಿಟ್ಟಳು ಅನ್ನುವವರ ಕಣ್ಣಿಗೆ ಏನೆನ್ನೋಣ. ಕೈಬಿಟ್ಟಳಂತೆ. ಐದೂ ನಲವತ್ತಕ್ಕೆ, ಬಾಲ್ಕನಿಯ ತಣ್ಣನೆ ನೆಲದಲ್ಲಿ ಕೂತು ಅವಳು ಕಣ್ಣಾರೆ ನೋಡಿದ್ದಾಳೆ, ದೊರೆಸಾನಿ — ಮೊಲಕ್ಕೆ ಮಗಳಿಟ್ಟ ಹೆಸರು, ಆ ಬಿಗುಮಾನಕ್ಕೆ ತಕ್ಕ ಹೆಸರು — ಪೆಟ್ಟಿಗೆಯೊಳಗೆ ಹಾರಿ ಮರಿಗಳ ಮೇಲೆ ನಿಂತಳು, ಹುಲ್ಲಿನಡಿ ಗದ್ದಲವೋ ಗದ್ದಲ, ನಾಲ್ಕೇ ನಿಮಿಷ, ಹೊರಗೆ ಹಾರಿ ಆಚೆ ಮೂಲೆಗೆ ಹೋಗಿ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತವಳು ಕೂತೇ ಇದ್ದಾಳೆ, ತನಗೂ ಆ ಪೆಟ್ಟಿಗೆಗೂ ಯಾವ ನಂಟೂ ಇಲ್ಲವೆಂಬಂತೆ. ಹುಟ್ಟಿಸಿದವನಂತೂ, ಜೊತೆಗೆ ತಂದ ಇನ್ನೊಂದು ಮೊಲ, ಕೆಳಮನೆಯ ಅಂಗಳದಲ್ಲಿ ಎಲೆಕೋಸು ತಿಂದುಕೊಂಡು ಹಾಯಾಗಿದ್ದಾನೆ, ಎರಡೂ ಹೆಣ್ಣೇ ಎಂದು ಆಣೆ ಹಾಕಿ ಮಾರಿದ ಅಂಗಡಿಯವನ ಬಾಯಿಗಿಷ್ಟು ಮಣ್ಣು ಹಾಕ, ಆ ಅಪ್ಪನನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ. ಮೊಲದ ಜಾತಿನೇ ಹಾಗೆ ಕಣಮ್ಮ ಎಂದಿದ್ದರು ಪ್ರಾಣಿಗಳ ಡಾಕ್ಟರು ಫೋನಿನಲ್ಲಿ, ದಿನಕ್ಕೊಂದು ಸಲ, ಹೆಚ್ಚಂದ್ರೆ ಎರಡು ಸಲ ಕುಡಿಸ್ತಾಳೆ, ಹತ್ರಾನೇ ಕೂತ್ರೆ ಅವಳ ವಾಸನೆ ಹಿಡಿದು ಬೆಕ್ಕು ಬರುತ್ತೆ, ದೂರ ಇರೋದೇ ಅವಳು ಮಾಡೋ ಕಾವಲು. ದೂರ ಇರೋದೇ ಕಾವಲು, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅತ್ತಿಗೆಯ ಮನೆ ಬಾಗಿಲಿಗೆ ಅಂಟಿಸಿ ಬರಬೇಕು.

ಅತ್ತಿಗೆ ಎಂಟಕ್ಕೆ ಬರುತ್ತಾರೆ. ಗಂಡನ ಅಕ್ಕ, ಎರಡು ಬೀದಿ ಆಚೆ ಮನೆ, ಬಂದರೆಂದರೆ ಕೈಯಲ್ಲಿ ಚೀಲ, ಇವತ್ತು ಚೀಲದಲ್ಲಿ ಹಾಲಿನ ಬಾಟಲಿಯೂ ಇರುತ್ತದೆ, ಡ್ರಾಪರೂ ಇರುತ್ತದೆ, ಮಗಳ ಕಿವಿನೋವಿನ ಔಷಧಿಯದು, ಚೆನ್ನಾಗಿ ಕುದಿಸಿ ತರ್ತೀನಿ ಎಂದು ನಿನ್ನೆ ಒಯ್ದಿದ್ದಾರೆ. ಅವರು ಬರುವಾಗ ಮನೆಯಲ್ಲಿರಬೇಕೆಂದೇ ಅವಳು ಪಾಳಿ ಬದಲಾಯಿಸಿಕೊಂಡಿದ್ದು, ಊರಿನ ಮೊದಲ ಬಸ್ಸು ಓಡಿಸುವುದು ಅವಳು, ಆರಕ್ಕೆ ಡಿಪೋ ಬಿಡಬೇಕು, ಏಳು ವರ್ಷದಿಂದ ಬಿಟ್ಟಿದ್ದಾಳೆ, ಜ್ವರವಿದ್ದಾಗಲೂ ಬಿಟ್ಟಿದ್ದಾಳೆ, ಇವತ್ತು ಮಾತ್ರ ಮಧ್ಯಾಹ್ನದ ಪಾಳಿಯವನ ಮೂರು ಭಾನುವಾರಗಳನ್ನು ತನ್ನ ತಲೆಗೆ ಕಟ್ಟಿಕೊಂಡು ಮನೆಯಲ್ಲಿ ಉಳಿದಿದ್ದಾಳೆ, ಉಳಿದದ್ದಕ್ಕೆ ಯಾರಿಗೂ ಕಾರಣ ಹೇಳುವುದಿಲ್ಲ, ಹೋಗುವುದಕ್ಕೂ ಹೇಳುವುದಿಲ್ಲ. ಗಂಡ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಪಾಪ ಸಂಸಾರಕ್ಕಾಗಿ ಎಷ್ಟು ದುಡೀತಾನೆ, ಅವಳು ಬೆಳಿಗ್ಗೆ ಹೋಗಿ ಮಧ್ಯಾಹ್ನ ಎರಡಕ್ಕೆ ಬಂದರೆ ಮಗೂನ ಬಿಟ್ಟು ಊರು ಸುತ್ತಾಳೆ, ಸ್ಟಿಯರಿಂಗು ಎರಡೂ ಕಡೆ ದುಂಡಗೇ ಇರುತ್ತದೆ, ತೂಗುವ ತಕ್ಕಡಿ ಮಾತ್ರ ಬೇರೆ. ಪರೀಕ್ಷೆ ಮುಗಿಯೋವರೆಗೆ ಮಗು ನನ್ನ ಹತ್ರ ಇರ್ಲಿ, ಬೆಳಿಗ್ಗೆ ಎದ್ದಾಗ ಮುಖ ನೋಡೋಕಾದ್ರೂ ಒಬ್ಬರು ಬೇಡ್ವಾ, ಅತ್ತಿಗೆ ಇದನ್ನು ಮೂರು ವಾರದಿಂದ ಹೇಳುತ್ತಿದ್ದಾರೆ, ತಮ್ಮನ ಕಿವಿಗೂ ಹಾಕಿದ್ದಾರೆ, ಅವನು ಹೂಂ ಅಂದೂ ಆಗಿದೆ. ಮಗಳು ಏನೆನ್ನುತ್ತಾಳೋ ಕೇಳುವುದಕ್ಕೆ ಅವಳಿಗೆ ಭಯ. ಡ್ರೈವಿಂಗು ಕಲಿಯಲು ಹೋಗುತ್ತಿದ್ದಾಗ ಮೂರು ವರ್ಷದ ಕೂಸಿಗೆ ತುತ್ತು ಹಾಕಿದ ಕೈ ಅತ್ತಿಗೆಯದು, ಅದನ್ನು ಮರೆತಿಲ್ಲ, ಆದರೆ ಋಣಕ್ಕೂ ಒಂದು ಕೊನೆ ಬೇಡವೇ, ಋಣವೆಂದು ಮಗಳನ್ನೇ ಕೊಟ್ಟುಬಿಡುತ್ತಾರೆಯೇ ಯಾರಾದರೂ. ಕೊಡುವುದಿಲ್ಲ. ಬೆನ್ನು ತಿರುಗಿಸಿ ಕೂತವಳು ಎನ್ನಲಿ, ಇಷ್ಟ ಬಂದದ್ದು ಅನ್ನಲಿ.

ಆದರೆ ಆ ಹನಿ. ಹಲ್ಲುಜ್ಜುವಾಗಲೂ ಅದೇ, ಹಾಲು ಕಾಯಿಸುವಾಗಲೂ ಅದೇ, ಕಣ್ಣು ಮುಚ್ಚಿದರೂ ಅದೇ. ನಿನ್ನೆ ಶಾಲೆಗೆ ರಜೆ, ಅತ್ತಿಗೆ ಬೆಳಿಗ್ಗೆಯೇ ಬಂದವರು ಮೊಲದ ಬೆನ್ನು ನೋಡಿ ನೋಡಿ ಕಂಗಾಲಾದರಂತೆ, ಇದೆಂಥ ತಾಯಿನೇ, ತಿರುಗಿಯೂ ನೋಡ್ತಿಲ್ಲ, ಹಸ್ಕೊಂಡು ಸಾಯ್ತಾವೆ — ಊಟ ಮುಗಿಸಿ ಹೊರಡುವ ಮುಂಚೆ ಹಾಲು ಬೆಚ್ಚಗೆ ಮಾಡಿದ್ದಾರೆ, ತಮ್ಮ ಕೈ ನಡುಗುತ್ತದೆಂದು ಡ್ರಾಪರನ್ನು ಮಗಳ ಕೈಗೆ ಕೊಟ್ಟಿದ್ದಾರೆ, ಒತ್ತು, ಇನ್ನೂ ಸ್ವಲ್ಪ ಒತ್ತು, ಪಾಪ ಎಷ್ಟು ಹಸಿದಿದೆ ನೋಡು, ಇಷ್ಟನ್ನೂ ಮಗಳೇ ಹೇಳಿದ್ದು, ಉಳಿದ ಮರಿಗಳು ಬಾಯಿ ತೆರೆಯಲಿಲ್ಲ, ನಾಳೆ ನೋಡೋಣ ಎಂದು ಅತ್ತಿಗೆ ಹೋದರು, ಎರಡಕ್ಕೆ ಅವಳು ಬಂದು ಚಪ್ಪಲಿ ಬಿಡುತ್ತಿದ್ದಾಳೆ, ಮಗಳು ಬಾಗಿಲಲ್ಲೇ ನಿಂತಿದ್ದಾಳೆ, ಅಂಗೈಯಲ್ಲಿ ಮರಿ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಮೂಗಿನ ತುದಿಯಲ್ಲಿ ಒಂದು ಬಿಳೀ ಹನಿ, ಉಸಿರಿಗೊಮ್ಮೆ ಉಬ್ಬಿ ಉಸಿರಿಗೊಮ್ಮೆ ಒಳಗೆ ಸರಿಯುವ ಹನಿ. ಅಮ್ಮ, ಇದಕ್ಕೇನಾಗ್ತಿದೆ. ಡಾಕ್ಟರು ಹೇಳಿದ್ದು ಹೊರಗೆ ಕೇಳಿಸದಿರಲೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು, ಹಾಲು ಶ್ವಾಸಕೋಶಕ್ಕೆ ಹೋಗಿದೆ, ಅದು ಉಳಿಯಲ್ಲ, ಮಿಕ್ಕವಕ್ಕೆ ಯಾರೂ ಏನೂ ಕುಡಿಸಬೇಡಿ. ಹುಟ್ಟಿದಾಗಲೇ ಅದಕ್ಕೆ ಶಕ್ತಿ ಇರಲಿಲ್ಲ ಕಣೇ, ಎಂದಳು ಮಗಳಿಗೆ. ಮಗಳು ಹೂಂ ಎಂದಳು, ಎಂದವಳು ಸಂಜೆಯಿಂದ ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆದಿದ್ದಾಳೆ. ಹತ್ತು ವರ್ಷ, ಹತ್ತು ವರ್ಷದ ಬೆರಳು. ಅತ್ತಿಗೆಗೆ ಫೋನು ಮಾಡಿ ನಿಜ ಹೇಳಿಬಿಡಬಹುದಿತ್ತು, ಆದರೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಮಗುವನ್ನು ತಬ್ಬಿಕೊಂಡೇ ಅಯ್ಯೋ ನಿನ್ನ ಕೈಯಲ್ಲೇ ಹೋಯ್ತಲ್ಲೇ ಅಂದುಬಿಡುತ್ತಾರೆ, ಪ್ರೀತಿಯಿಂದಲೇ ಅಂದುಬಿಡುತ್ತಾರೆ, ಆಮೇಲೆ ಆ ಮಾತನ್ನು ಯಾವ ಸೋಪಿನಲ್ಲಿ ತೊಳೆಯುವುದು. ಒಂದು ಸತ್ತುಹೋಯಿತು, ಹಾಲು ತರಬೇಡಿ ಎಂದಷ್ಟೇ ಹೇಳಿದ್ದಕ್ಕೆ, ಮಿಕ್ಕವನ್ನೂ ಸಾಯಿಸ್ತೀಯಾ ಎಂದು ಫೋನು ಇಟ್ಟಿದ್ದರು.

ಬೆಲ್ಲು, ಎಂಟಕ್ಕೆ ಇನ್ನೂ ಹತ್ತು ನಿಮಿಷವಿದೆ, ಮಗಳು ಬಾಗಿಲು ತೆರೆದಳೆಂದು ಕಾಣುತ್ತದೆ, ಚೀಲ ಇಟ್ಟ ಸದ್ದು, ಬಾಟಲಿಯ ಸದ್ದು, ಅತ್ತಿಗೆ ನೇರ ಬಾಲ್ಕನಿಗೆ, ಡ್ರಾಪರಿನಲ್ಲಿ ಆಗಲೇ ಹಾಲು ತುಂಬಿ ತಂದಿದ್ದಾರೆ, ಅವಳು ಪೆಟ್ಟಿಗೆಯ ಮೇಲೆ ಎರಡೂ ಕೈ ಅಗಲಿಸಿ ಇಡುತ್ತಾಳೆ, ಬೇಡ ಅತ್ತಿಗೆ, ಕುಡಿದಿವೆ, ಹೊಟ್ಟೆ ನೋಡಿ ಬೇಕಾದ್ರೆ. ಅದು ಹೊಟ್ಟೆ ಉಬ್ಬರ ಕಣೇ, ಕುಡಿಸೋ ತಾಯಿ ಹೀಗೆ ಬೆನ್ನು ಹಾಕ್ಕೊಂಡು ಕೂತಿರ್ತಾಳಾ, ನಿನ್ನೆ ಒಂದು ಹೋಯ್ತಲ್ಲ, ಅದ್ಹೇಗೆ ಹೋಯ್ತು ಹೇಳು. ಹೇಗೆ ಹೋಯಿತೆಂದು ಹೇಳಬೇಕಂತೆ, ನಾಲಗೆಯ ತುದಿಯಲ್ಲೇ ಇದೆ, ಇಷ್ಟು ದಿನದ ಎಲ್ಲ ಮಾತಿಗೂ ಒಂದೇ ಉತ್ತರ, ಹೇಳಿದರೆ ಅತ್ತಿಗೆ ಮತ್ತೆ ಈ ಮನೆಯಲ್ಲಿ ಬಾಯಿ ತೆರೆಯುವುದಿಲ್ಲ, ಮಗಳು ಅಲ್ಲೇ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಾಳೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು — ನಾನೇ ಹಾಲು ಹಾಕಿದೆ ಅತ್ತಿಗೆ. ನೀವು ಹೋದಾಗ ಅದು ಚೆನ್ನಾಗೇ ಇತ್ತು. ಆಮೇಲೆ ನಾನು ಬಂದು ಚಮಚದಲ್ಲಿ ಇನ್ನಷ್ಟು ಹಾಕಿದೆ, ಶ್ವಾಸಕೋಶಕ್ಕೆ ಹೋಗಿ ಸತ್ತಿತು. ಅದಕ್ಕೇ ಬೇಡ ಅನ್ನೋದು. ಅತ್ತಿಗೆಯ ಮುಖದಲ್ಲಿ ಅದೇನು, ಗೆದ್ದವರ ಮುಖವಲ್ಲ, ನಿಜವಾಗಿ ನೊಂದ ಮುಖ, ಅದೇ ಇನ್ನೂ ಕಷ್ಟ, ಒಂದು ಮರಿಗೆ ಹಾಲು ಹಾಕೋಕೆ ಬರಲ್ಲ ನಿಂಗೆ, ಮಗೂನ ಹೇಗಮ್ಮ ನೋಡ್ಕೊಳ್ತೀಯಾ, ಇವತ್ತೇ ಕರ್ಕೊಂಡು ಹೋಗ್ತೀನಿ. ಹೋಗಲ್ಲ. ಅವಳೂ ಹೋಗಲ್ಲ, ಮರಿಗಳೂ ಹೋಗಲ್ಲ, ನನ್ನನ್ನ ಏನು ಬೇಕಾದ್ರೂ ಅನ್ನಿ, ನಾಳೆಯಿಂದ ನಾನು ಮತ್ತೆ ಮೊದಲನೇ ಬಸ್ಸಿಗೆ ಹೋಗ್ತೀನಿ, ಎರಡಕ್ಕೆ ಬರ್ತೀನಿ, ಇವಳು ಇಲ್ಲೇ ಇರ್ತಾಳೆ, ಎಂದವಳು ತಿರುಗಿದಳು, ಮಗಳು ಅವಳನ್ನೇ ನೋಡುತ್ತಿದ್ದಳು.

ಬಾಗಿಲಲ್ಲೇ ಇದ್ದಳಲ್ಲ ನಿನ್ನೆ, ಅಂಗೈಯಲ್ಲಿ ಮರಿ ಹಿಡಿದು, ಹಾಲನ್ನು ಅಮ್ಮ ಮುಟ್ಟಲೇ ಇಲ್ಲವೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು, ಅಮ್ಮ ಸುಳ್ಳು ಹೇಳುತ್ತಿದ್ದಾಳೆಂದರೆ ಯಾಕೆ ಹೇಳುತ್ತಿದ್ದಾಳೆಂದೂ — ಮುಚ್ಚಲು ಹೊದಿಸಿದ ಮಾತೇ ಎಲ್ಲವನ್ನೂ ಹೇಳಿಬಿಟ್ಟಿತು, ದಡ್ಡಿ, ಶತದಡ್ಡಿ, ಮಗಳ ಕಣ್ಣು ತುಂಬುತ್ತಿದೆ, ಆದರೆ ಅಳುತ್ತಿಲ್ಲ, ಗಲ್ಲ ಬಿಗಿ ಹಿಡಿದಿದ್ದಾಳೆ, ಆ ಗಲ್ಲ ಯಾರದ್ದೆಂದು ಅವಳಿಗೆ ಗೊತ್ತು, ದಿನಾ ಬಸ್ಸಿನ ಕನ್ನಡಿಯಲ್ಲಿ ನೋಡುತ್ತಾಳೆ. ಮಗಳು ಬಂದಳು, ಅತ್ತಿಗೆಯ ಕೈಯಿಂದ ಡ್ರಾಪರು ತೆಗೆದುಕೊಂಡಳು, ಅಮ್ಮ ಹಾಕಿದ್ದಲ್ಲ ಅತ್ತೆ, ನಾನು ಹಾಕಿದ್ದು, ನೀವು ಒತ್ತು ಅಂದ್ರಿ, ನಾನು ಒತ್ತಿದೆ. ಇನ್ನು ಯಾರೂ ಹಾಕಬಾರದು. ನಾನು ಎಲ್ಲಿಗೂ ಬರಲ್ಲ. ಅತ್ತಿಗೆ ಮೆಲ್ಲನೆ ಕುರ್ಚಿಯಲ್ಲಿ ಕೂತರು, ಅವಳು ಎದ್ದು ಮಗಳ ಹತ್ತಿರ ಹೋಗಬೇಕು, ಹೋಗಬೇಕು, ಕೈ ಇನ್ನೂ ಪೆಟ್ಟಿಗೆಯ ಮೇಲೆ, ಮಗಳು ಬಾಲ್ಕನಿಯ ಮೋರಿಗೆ ಬಗ್ಗಿ ಡ್ರಾಪರನ್ನು ಒತ್ತುತ್ತಾಳೆ, ಪೂರ್ತಿ ಒತ್ತುತ್ತಾಳೆ, ಇನ್ನೂ ಒತ್ತುತ್ತಾಳೆ, ತುದಿಯಲ್ಲಿ ಒಂದು ಹನಿ ಉಳಿದಿದೆ, ಬಿಳೀ ಹನಿ, ಉಬ್ಬುತ್ತದೆ, ಒಳಗೆ ಸರಿಯುತ್ತದೆ, ಉಬ್ಬುತ್ತದೆ, ಬೀಳುವುದಿಲ್ಲ